ಮೊದಲು ಎಡಕ್ಕೆ ನೋಡಿ

ಹಬ್ಬದ ಸಂಚಿಕೆಗೆ ಈ ಅಂಕಣ ಬರೆಯುವ ಹೊತ್ತು ಬಂದಾಗಲೆಲ್ಲ ಸಂಪಾದಕರಿಂದ ಬರುವ ಸೂಚನೆ ಒಂದೇ: "ಈ ಸಲವೂ ಸ್ವಲ್ಪ ಲಘುವಾಗಿರಲಿ ಸ್ವಾಮಿ, ಹೋಳಿಗೆ ತಿಂದ ಮೇಲೆ ಓದುವಂಥದ್ದು." ನಾನೂ ಆಯಿತೆಂದು ಒಪ್ಪಿಕೊಂಡೇ ಕೂತಿದ್ದೆ. ಊರಿನಿಂದ ಬಂದು ಮೂರು ತಿಂಗಳು ನಮ್ಮೊಡನಿದ್ದ ಅಪ್ಪಯ್ಯನ ದುಬೈ ಪ್ರಸಂಗಗಳನ್ನು ಬರೆಯೋಣ, ಓದುಗರೂ ನಕ್ಕಾರು ಎಂದುಕೊಂಡಿದ್ದೆ. ಆದರೆ ಆ ಪ್ರಸಂಗಗಳಲ್ಲಿ ಮೊದಲನೆಯದು ನಡೆದದ್ದು ನಮ್ಮ ಅಲ್ ಮುರಕ್ಕಬಾತ್ ರಸ್ತೆಯ ಅಂಚಿನಲ್ಲಿ. ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಆದ್ದರಿಂದ ಸಂಪಾದಕರ ಕ್ಷಮೆ ಕೋರಿ ಈ ಸಲ ರಸ್ತೆಯ ವಿಷಯವನ್ನೇ ಬರೆಯುತ್ತಿದ್ದೇನೆ. ನಗು ಬಂದಲ್ಲಿ ಧಾರಾಳವಾಗಿ ನಗಿ.

ಮುರಕ್ಕಬಾತ್ ಗೊತ್ತಿಲ್ಲದ ಅಬುಧಾಬಿ, ಶಾರ್ಜಾದ ಓದುಗರಿಗೆ ಎರಡು ಮಾತು. ದೇರಾದ ನಡುವಿನ ಹಳೆಯ ಬಡಾವಣೆ ಇದು. ಒಂದು ಮಗ್ಗುಲಲ್ಲಿ ರಿಗ್ಗಾ ಮೆಟ್ರೋ, ಇನ್ನೊಂದು ಮಗ್ಗುಲಲ್ಲಿ ಸಲಾಹುದ್ದೀನ್ ಮೆಟ್ರೋ. ಹಗಲೆಲ್ಲ ಆಕಳಿಸುತ್ತಾ ಬಿದ್ದಿರುವ ಬೀದಿ ಸಂಜೆ ಏಳಾದ ಮೇಲೆ ಎದ್ದು ಕೂರುತ್ತದೆ. ಇರಾಕಿಗಳ ಮೀನಿನ ಹೋಟೆಲು, ಸಿರಿಯನ್ನರ ಸಿಹಿತಿಂಡಿ ಅಂಗಡಿ, ಶವರ್ಮಾ ಕೊಯ್ಯುವವನ ಮುಂದೆ ಸಾಲು, ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿ ಕೂತ ಕುಟುಂಬಗಳು. ಶುಕ್ರವಾರ, ಶನಿವಾರ ರಾತ್ರಿ ಹನ್ನೆರಡಕ್ಕೂ ಮಕ್ಕಳು ಐಸ್‌ಕ್ರೀಮ್ ಹಿಡಿದು ಓಡಾಡುತ್ತಿರುತ್ತವೆ. ಈ ಸಂಭ್ರಮದ ನಡುವೆಯೇ ಪಾರ್ಕಿಂಗ್ ಹುಡುಕುತ್ತಾ ಮೂರನೆಯ ಸುತ್ತು ಹೊಡೆಯುವ ಕಾರುಗಳು, "ಎರಡೇ ನಿಮಿಷ" ಎಂದು ಅಡ್ಡಡ್ಡ ನಿಲ್ಲಿಸಿ ಹೋದ ಗಾಡಿಗಳು, ಅವುಗಳ ಸಂದಿಯಿಂದ ಮೀನಿನ ಹಾಗೆ ನುಸುಳಿ ಬರುವ ಡೆಲಿವರಿ ಬೈಕುಗಳು. ಇಲ್ಲಿ ಯಾರೂ ನೂರರ ವೇಗದಲ್ಲಿ ಹೋಗುವುದಿಲ್ಲ, ಹೋಗಲು ಆಗುವುದೂ ಇಲ್ಲ. ಅದಕ್ಕೇ ನಾವೆಲ್ಲ ಇದನ್ನು ಅಪಾಯವಿಲ್ಲದ ಜಾಗವೆಂದು ತಿಳಿದಿದ್ದೇವೆ.

ಅಪ್ಪಯ್ಯ ಬಂದ ಎರಡನೆಯ ದಿನ. ಎದುರುಗಡೆಯ ಅಂಗಡಿಯಿಂದ ಮಜ್ಜಿಗೆ ತರೋಣವೆಂದು ಇಬ್ಬರೂ ಇಳಿದೆವು. ನಾನು ಜೇಬಿನಲ್ಲಿ ಫೋನು ತಡಕುತ್ತಿದ್ದೆ. ಅಪ್ಪಯ್ಯ ರಸ್ತೆಯ ಅಂಚಿಗೆ ಹೋಗಿ ನಿಂತು, ಶಿಸ್ತಾಗಿ ಬಲಕ್ಕೆ ನೋಡಿದರು. ಹತ್ತಿರದ ಲೇನಿನಲ್ಲಿ ಬಲಗಡೆಯಿಂದ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಕಾಲು ಕೆಳಗಿಟ್ಟರು. ಎಡಗಡೆಯಿಂದ ಟ್ಯಾಕ್ಸಿ ಬಂತು.

ನಾನು ಹಿಡಿದದ್ದು ಅವರ ಅಂಗಿಯ ಕಾಲರನ್ನು. ಹಿಂದಕ್ಕೆ ಎಳೆದ ರಭಸಕ್ಕೆ ಮೇಲಿನ ಗುಂಡಿ ಕಿತ್ತು ಹೋಯಿತು. ಟ್ಯಾಕ್ಸಿಯವನು ಬ್ರೇಕು ಹಾಕಿ ನಮ್ಮಿಂದ ಮೊಳ ದೂರದಲ್ಲಿ ನಿಲ್ಲಿಸಿದ್ದ. ಪೇಶಾವರದ ಕಡೆಯ ವಯಸ್ಸಾದ ಚಾಲಕ. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಕಿಟಕಿ ಇಳಿಸಿ, ತನ್ನ ಕಡೆ ಬೆರಳು ತೋರಿಸಿ, "ಚಾಚಾ, ಪೆಹಲೇ ಇಧರ್ ದೇಖೋ" ಎಂದಷ್ಟೇ ಹೇಳಿ ಹೋದ. ಅಪ್ಪಯ್ಯ ಸುಧಾರಿಸಿಕೊಂಡು ಹೇಳಿದ ಮೊದಲ ಮಾತು: "ಎಂತ ಮಾರಾಯ, ಇಲ್ಲ್ ಗಾಡಿಯೆಲ್ಲ ತಪ್ಪ್ ಬದಿಯಿಂದ ಬತ್ತ್!"

ಇದರಲ್ಲಿ ಒಂದು ವಿಪರ್ಯಾಸವಿದೆ. ಅಪ್ಪಯ್ಯ ಕುಂದಾಪುರದ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಮೇಷ್ಟ್ರಾಗಿದ್ದವರು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಹೆದ್ದಾರಿಯ ಬದಿಗೆ ಸಾಲಾಗಿ ಕರೆದೊಯ್ದು "ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ ನೋಡಿ, ಪುನಃ ಬಲಕ್ಕೆ ನೋಡಿ" ಎಂದು ರಾಗವಾಗಿ ಹೇಳಿಸುತ್ತಿದ್ದರು. ನಾನೂ ಆ ಸಾಲಿನಲ್ಲಿ ನಿಂತವನೇ. ಊರಿನಲ್ಲಿ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ರಸ್ತೆಗಿಳಿದವನಿಗೆ ಮೊದಲ ಅಪಾಯ ಬರುವುದು ಬಲದಿಂದ. ಇಲ್ಲಿ ಬಲಬದಿಯ ಸಂಚಾರ, ಮೊದಲ ಅಪಾಯ ಎಡದಿಂದ. ಅಪ್ಪಯ್ಯನ ತಪ್ಪು ಅಜಾಗರೂಕತೆಯದ್ದಲ್ಲ. ಎಪ್ಪತ್ತು ವರ್ಷ ಜೀವ ಉಳಿಸಿದ ಜಾಗರೂಕತೆಯೇ ಇಲ್ಲಿ ತಪ್ಪಾಯಿತು. ಲಂಡನ್ನಿನಲ್ಲಿ ಇದು ಗೊತ್ತಿರುವುದರಿಂದಲೇ ದಾಟುವ ಜಾಗಗಳಲ್ಲಿ ಯಾವ ಕಡೆ ನೋಡಬೇಕೆಂದು ನೆಲದ ಮೇಲೇ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಪರ ಊರಿನವನ ಕುತ್ತಿಗೆ ಹಳೆಯ ಅಭ್ಯಾಸದಂತೆಯೇ ತಿರುಗುತ್ತದೆ ಎಂಬುದು ಅವರಿಗೆ ಅನುಭವದಿಂದ ತಿಳಿದಿದೆ.

ಸ್ವೀಡನ್ನಿನ ಕಥೆ ಇನ್ನೂ ಸೊಗಸಾಗಿದೆ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶವೇ ಎಡಬದಿಯಿಂದ ಬಲಬದಿಗೆ ಬದಲಾಯಿತು. ರಾತ್ರಿ ಬೆಳಗಾಗುವುದರಲ್ಲಿ ಎಲ್ಲರ ಅಭ್ಯಾಸವೂ ತಿರುಗುಮುರುಗು. ಅಪಘಾತಗಳ ಸುರಿಮಳೆಯೇ ಆದೀತೆಂದು ಅಂಜಿದ್ದರು. ಆದದ್ದು ಉಲ್ಟಾ. ಎಲ್ಲರೂ ಹೆದರಿ ಹೆದರಿ ಓಡಿಸಿದ್ದರಿಂದ ಮೊದಮೊದಲು ಅಪಘಾತಗಳು ಕಡಿಮೆಯಾದವು. ಹೆದರಿಕೆ ಆರಿದ ಮೇಲೆ ಸಂಖ್ಯೆ ಮತ್ತೆ ಹಳೆಯ ಜಾಗಕ್ಕೆ ಬಂತು. ದುಬೈಗೆ ಬಂದ ಮೊದಲ ವಾರ ನಾವೂ ಹೀಗೇ ಇರುತ್ತೇವೆ ಅಲ್ಲವೇ? ನಾಲ್ಕು ಸಲ ನೋಡಿ ದಾಟುತ್ತೇವೆ. ಆಮೇಲೆ ಊರು ನಮ್ಮದಾಗುತ್ತದೆ, ಫೋನು ಕೈಗೆ ಬರುತ್ತದೆ.

ಆ ರಾತ್ರಿ ನಿದ್ದೆ ಬಾರದೆ ನಾನು ಅಂಕಿ ಅಂಶಗಳ ಬೆನ್ನು ಹತ್ತಿದೆ. ಲೆಕ್ಕ ಬರೆಯುವ ಕೆಲಸದವನಿಗೆ ಭಯವಾದಾಗಲೂ ಅಂಕಿಗಳೇ ಬೇಕು. ಸಿಕ್ಕಿದ ವಿವರ ನಿಜಕ್ಕೂ ಆಶ್ಚರ್ಯದ್ದು. 2007ರಲ್ಲಿ ದುಬೈಯಲ್ಲಿ ಪ್ರತಿ 1 ಲಕ್ಷ ಜನಕ್ಕೆ 21.9 ಮಂದಿ ರಸ್ತೆ ಅಪಘಾತದಲ್ಲಿ ಸಾಯುತ್ತಿದ್ದರು. 2023ರಲ್ಲಿ ಆ ಸಂಖ್ಯೆ 1.6. 2024ರಲ್ಲಿ ಸ್ವಲ್ಪ ಮೇಲೆದ್ದು 1.8. ಈ ಅವಧಿಯಲ್ಲಿ ಊರಿನ ಜನಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಗಿ ಬೆಳೆದಿದೆ, ಕಾರುಗಳಂತೂ ಹೇಳತೀರದು. ಪಾದಚಾರಿಗಳನ್ನೇ ಪ್ರತ್ಯೇಕವಾಗಿ ತೆಗೆದುಕೊಂಡರೆ 2007ರಲ್ಲಿ ಲಕ್ಷಕ್ಕೆ 9.5 ಇದ್ದದ್ದು 2023ರಲ್ಲಿ 0.3ಕ್ಕೆ ಇಳಿದಿದೆ. ಅಂದರೆ ಹಿಂದೆ ಸಾಯುತ್ತಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಡೆದು ಹೋಗುತ್ತಿದ್ದವರೇ.

ಇಲ್ಲಿಗೆ ಬಂದು ಇಪ್ಪತ್ತು, ಇಪ್ಪತ್ತೈದು ವರ್ಷವಾದ ನಮ್ಮ ಸಂಘದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೆಟ್ರೋ ಬರುವ ಮುಂಚೆ ಶೇಖ್ ಜಾಯೆದ್ ರಸ್ತೆಯನ್ನೋ ಇತ್ತಿಹಾದ್ ರಸ್ತೆಯನ್ನೋ ದಾಟುವುದೆಂದರೆ ಏನೆಂದು ಅವರಿಗೆ ಗೊತ್ತು. ಕೆಲಸ ಮುಗಿಸಿದ ಹುಡುಗರು ಬೇಲಿ ಹಾರಿ, ಚಪ್ಪಲಿ ಕೈಯಲ್ಲಿ ಹಿಡಿದು, ಓಟದ ಸ್ಪರ್ಧೆಯ ಹಾಗೆ ಓಡುತ್ತಿದ್ದರು. ಬಸ್ಸು ಆಚೆ ಬದಿಯಲ್ಲಿ ಕಾಯುತ್ತಿತ್ತು, ಸೇತುವೆ ಎಲ್ಲೋ ದೂರದಲ್ಲಿ ಇರುತ್ತಿತ್ತು, ಇಲ್ಲವೇ ಇರುತ್ತಲೇ ಇರಲಿಲ್ಲ. 2006ರಲ್ಲಿ ಇಡೀ ದುಬೈಗೆ ಇದ್ದ ಪಾದಚಾರಿ ಮೇಲುಸೇತುವೆ, ಸುರಂಗಗಳು 26. 2024ರ ಹೊತ್ತಿಗೆ 177. ಅವುಗಳಲ್ಲಿ ದೊಡ್ಡ ಪಾಲು ಮೆಟ್ರೋದ ಕೊಡುಗೆ. 2009ರ ಸೆಪ್ಟೆಂಬರ್ 9ರಂದು ಕೆಂಪು ಮಾರ್ಗ ತೆರೆಯಿತು, ನಮ್ಮ ರಿಗ್ಗಾ ನಿಲ್ದಾಣ ಆ ಮೊದಲ ಹತ್ತರಲ್ಲೊಂದು. ಎರಡು ವರ್ಷ ಕಳೆದು ಅದೇ ದಿನಾಂಕಕ್ಕೆ ಹಸಿರು ಮಾರ್ಗ, ಸಲಾಹುದ್ದೀನ್ ನಿಲ್ದಾಣ. ಮೆಟ್ರೋ ಎಂದರೆ ನಾವು ರೈಲನ್ನು ಹೊಗಳುತ್ತೇವೆ. ರೈಲು ಹತ್ತದವನೂ ಮಹಾರಸ್ತೆಯ ಮೇಲಿಂದ ತಣ್ಣಗೆ ನಡೆದು ಆಚೆ ಸೇರುವ ಆ ಸೇತುವೆಗಳು ಎಷ್ಟು ಜೀವ ಉಳಿಸಿವೆಯೋ.

ಉಳಿದದ್ದು ಕಾನೂನಿನ ಕೆಲಸ. 2008ರಲ್ಲಿ ಕಪ್ಪು ಅಂಕಗಳ ಪದ್ಧತಿ ಬಂತು: 24 ಆದರೆ ಲೈಸೆನ್ಸ್ ಅಮಾನತು. 2017ರ ಜುಲೈ 1ರಿಂದ ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯವಾಯಿತು, 4 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಕೆಂದಾಯಿತು, 10 ವರ್ಷದೊಳಗಿನವರು ಮುಂದೆ ಕೂರುವಂತಿಲ್ಲವೆಂದಾಯಿತು. ತಪ್ಪಿದರೆ 400 ದಿರ್ಹಂ, 4 ಕಪ್ಪು ಅಂಕ. ಫೋನು ಹಿಡಿದು ಓಡಿಸಿದರೆ 800 ದಿರ್ಹಂ, 4 ಅಂಕ. ನಿಂತ ಶಾಲಾ ಬಸ್ಸಿನ 'ಸ್ಟಾಪ್' ಫಲಕ ತೆರೆದಿರುವಾಗ ದಾಟಿ ಹೋದರೆ 1,000 ದಿರ್ಹಂ, 10 ಅಂಕ. ಮೊತ್ತ ದೊಡ್ಡದೆಂಬುದು ಮುಖ್ಯವಲ್ಲ. ದಂಡ ತಪ್ಪದೇ ಬರುತ್ತದೆ, ಯಾರ ಹೆಸರು ಹೇಳಿದರೂ ಮನ್ನಾ ಆಗುವುದಿಲ್ಲ. ನಮ್ಮ ಗೆಳೆಯರೊಬ್ಬರು ಹೇಳುವಂತೆ, "ಇಲ್ಲಿನ ಕ್ಯಾಮರಾಕ್ಕೆ ಜಾತಿಯಿಲ್ಲ, ಊರಿಲ್ಲ, ಮಾವನ ಮನೆಯೂ ಇಲ್ಲ."

ಅಬುಧಾಬಿಗೆ ಹೋಗಿ ಬರುವವರಿಗೆ ನಡುವೆ ಒಂದು ಎಚ್ಚರಿಕೆ. ಫಲಕದ ವೇಗದ ಮೇಲೆ 20 ಕಿ.ಮೀ. ರಿಯಾಯಿತಿ ಎಂಬುದು ದುಬೈ ಕಡೆಯ ಲೆಕ್ಕ. ಅಬುಧಾಬಿ ಅದನ್ನು 2018ರ ಆಗಸ್ಟಿನಲ್ಲೇ ತೆಗೆದುಹಾಕಿದೆ. ಅಲ್ಲಿ ಫಲಕದಲ್ಲಿ ಬರೆದದ್ದೇ ಮಿತಿ. ಮಂಜು ಬಿದ್ದ ದಿನ ಅದೂ 80ಕ್ಕೆ ಇಳಿಯುತ್ತದೆ. ಮಂಜನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2008ರ ಮಾರ್ಚ್ 11ರ ಬೆಳಿಗ್ಗೆ ಘಂತೂತ್ ಬಳಿ ಮಂಜಿನಲ್ಲಿ ಒಂದರ ಹಿಂದೆ ಒಂದು ನುಗ್ಗಿದ ವಾಹನಗಳು ಸುಮಾರು 200. ಅವುಗಳಲ್ಲಿ ಹಲವು ಹೊತ್ತಿ ಉರಿದವು. ಆ ಬೆಳಿಗ್ಗೆ ಅದೇ ದಾರಿಯಲ್ಲಿ ಅಬುಧಾಬಿಗೆ ಹೊರಟಿದ್ದ ಕನ್ನಡಿಗರು ಇಂದಿಗೂ ಆ ಕಥೆ ಹೇಳುವಾಗ ದನಿ ತಗ್ಗಿಸುತ್ತಾರೆ. ಮೂರು ವರ್ಷ ಕಳೆದು 2011ರ ಏಪ್ರಿಲಿನಲ್ಲಿ ಅಬುಧಾಬಿ ರಸ್ತೆಯಲ್ಲೇ ಮತ್ತೆ 127 ವಾಹನಗಳ ಸರಣಿ. ಕಾಣದಿದ್ದರೆ ನಿಧಾನಿಸಬೇಕು ಎಂಬುದನ್ನು ಅಜ್ಜಿಯೂ ಹೇಳುತ್ತಿದ್ದಳು. ಆದರೆ ಆಫೀಸಿಗೆ ಎಂಟಕ್ಕೆ ಬೆರಳು ಒತ್ತಬೇಕಾದವನಿಗೆ ಅಜ್ಜಿಯ ಮಾತು ಎಲ್ಲಿ ನೆನಪಾಗುತ್ತದೆ?

ನಮ್ಮ ಮನೆಗೆ ಹತ್ತಿರದ ದೊಡ್ಡ ದುರಂತವೆಂದರೆ ರಶೀದಿಯಾದ್ದು. 2019ರ ಜೂನ್ 6, ಈದ್ ರಜೆಯ ಸಂಜೆ. ಮಸ್ಕತ್ತಿನಿಂದ ದುಬೈಗೆ ಬರುತ್ತಿದ್ದ ಬಸ್ಸು ರಶೀದಿಯಾ ಮೆಟ್ರೋ ಕಡೆಯ ತಿರುವಿಗೆ ನುಗ್ಗಿ, ಎತ್ತರದ ವಾಹನಗಳನ್ನು ತಡೆಯಲು ನಿಲ್ಲಿಸಿದ್ದ ಕಬ್ಬಿಣದ ಅಡ್ಡಪಟ್ಟಿಗೆ ಹೊಡೆಯಿತು. ಬಸ್ಸಿನ ಎಡ ಮಗ್ಗುಲನ್ನು ಅದು ಕೊಯ್ದುಕೊಂಡು ಹೋಯಿತು. 17 ಜನ ತೀರಿಕೊಂಡರು, ಅವರಲ್ಲಿ 12 ಮಂದಿ ಭಾರತೀಯರು. ಬಂಧುಗಳ ಜೊತೆ ಹಬ್ಬ ಮುಗಿಸಿ ಮನೆಗೆ ಮರಳುತ್ತಿದ್ದವರು. ಆ ಬಸ್ಸಿನಲ್ಲಿದ್ದ ಯಾವ ಪ್ರಯಾಣಿಕನೂ ಯಾವ ನಿಯಮವನ್ನೂ ಮುರಿದಿರಲಿಲ್ಲ.

ಪರದೇಶದಲ್ಲಿ ಸಾವೆಂದರೆ ಸಾವಿನ ಜೊತೆ ಕಾಗದಗಳೂ ಬರುತ್ತವೆ. ನಮ್ಮ ಸಂಘದ ಇಬ್ಬರು ಮೂವರು ಹಿರಿಯರು ಈ ಕೆಲಸಕ್ಕೆ ಅರ್ಧ ರಾತ್ರಿಯಲ್ಲೂ ಎದ್ದು ಹೋಗುತ್ತಾರೆ, ಅವರ ಹೆಸರು ಯಾವ ವೇದಿಕೆಯ ಮೇಲೂ ಕೇಳಿಬರುವುದಿಲ್ಲ. ಮರಣ ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದತಿ, ಸೋನಾಪುರದಲ್ಲಿ ಎಂಬಾಮಿಂಗ್, ವಿಮಾನದ ಕಾರ್ಗೋ. ತಪ್ಪು ಬೇರೆಯವರದ್ದೆಂದು ತೀರ್ಮಾನವಾದರೆ ಕುಟುಂಬಕ್ಕೆ 2 ಲಕ್ಷ ದಿರ್ಹಂ 'ದಿಯಾ', ಅದೂ ಕೋರ್ಟು ಮುಗಿದ ಮೇಲೆ. ಆ ಹಿರಿಯರಲ್ಲೊಬ್ಬರು ಒಮ್ಮೆ ನನ್ನೊಡನೆ ಹೇಳಿದರು: "ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವಾಗ ಸ್ಪೆಲ್ಲಿಂಗ್ ಸರಿಯಿದೆಯಾ ಅಂತ ಮೂರು ಸಲ ನೋಡ್ತೇನೆ ಮಾರಾಯ್ರೆ. ಮತ್ತೇನೂ ಮಾಡ್ಲಿಕ್ಕೆ ಇರುವುದಿಲ್ಲ ನೋಡಿ."

ಸಂಖ್ಯೆಗಳು ಇಳಿದಿವೆ ಎಂದು ಬೀಗುವ ಹಾಗೂ ಇಲ್ಲ. ಇಡೀ ಎಮಿರೇಟ್ಸಿನ ಲೆಕ್ಕ ನೋಡಿದರೆ 2023ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 352, 2024ರಲ್ಲಿ 384. ಗಾಯಗೊಂಡವರು 5,568ರಿಂದ 6,032ಕ್ಕೆ ಏರಿದ್ದಾರೆ. ಕಾರಣಗಳ ಪಟ್ಟಿಯಲ್ಲಿ ಮೇಲೆ ಇರುವವು ಗಮನ ಬೇರೆಡೆ ಇರುವುದು, ಮುಂದಿನ ವಾಹನಕ್ಕೆ ಅಂಟಿಕೊಂಡು ಓಡಿಸುವುದು, ಹಠಾತ್ತನೆ ಲೇನು ಬದಲಿಸುವುದು. ಇವು ಯಾವುವೂ ರಸ್ತೆಯ ದೋಷವಲ್ಲ, ಸೇತುವೆ ಕಟ್ಟಿ ಸರಿಮಾಡುವಂಥವೂ ಅಲ್ಲ.

ನಡೆದು ಹೋಗುವವರೂ ಸುಮ್ಮನೆ ಇಲ್ಲ. ದುಬೈಯೊಂದರಲ್ಲೇ 2023ರಲ್ಲಿ ಕಂಡಕಂಡಲ್ಲಿ ರಸ್ತೆ ದಾಟಿ ದಂಡ ತೆತ್ತವರು 44,000ಕ್ಕೂ ಹೆಚ್ಚು. ಹಾಗೆ ದಾಟಲು ಹೋಗಿ 8 ಜನ ಸತ್ತರು, 339 ಜನ ಗಾಯಗೊಂಡರು. 2025ರ ಮಾರ್ಚ್ 29ರಿಂದ ಹೊಸ ಸಂಚಾರ ಕಾನೂನು ಜಾರಿಯಲ್ಲಿದೆ. ನಮ್ಮವರಲ್ಲಿ ಬಹಳ ಜನಕ್ಕೆ ಅದರಿಂದ ಗೊತ್ತಾದದ್ದು 17 ವರ್ಷಕ್ಕೇ ಲೈಸೆನ್ಸ್ ಸಿಗುತ್ತದೆ ಎಂಬುದು ಮಾತ್ರ. ಮನೆಯಲ್ಲಿ ಹದಿನೇಳರ ಮಗನಿದ್ದವರಿಗೆ ಅದೇ ದೊಡ್ಡ ತಲೆನೋವು, ಒಪ್ಪುತ್ತೇನೆ. ಆದರೆ ಅದೇ ಕಾನೂನಿನಲ್ಲಿ, ಅನುಮತಿಯಿಲ್ಲದ ಜಾಗದಲ್ಲಿ ದಾಟಿ ಅಪಘಾತಕ್ಕೆ ಕಾರಣವಾದರೆ ಜೈಲು ಮತ್ತು 5,000ದಿಂದ 10,000 ದಿರ್ಹಂ ದಂಡ, ಇಲ್ಲವೇ ಎರಡರಲ್ಲಿ ಒಂದು ಎಂದಿದೆ. ವೇಗಮಿತಿ 80 ಅಥವಾ ಹೆಚ್ಚಿರುವ ರಸ್ತೆಯಾದರೆ ಶಿಕ್ಷೆ ಇನ್ನೂ ಕಠಿಣ: ಕನಿಷ್ಠ ಮೂರು ತಿಂಗಳ ಜೈಲು, ಕನಿಷ್ಠ 10,000 ದಿರ್ಹಂ. ಮೊದಲಿದ್ದ 400 ದಿರ್ಹಮಿನ ಲೆಕ್ಕದಲ್ಲೇ ಇರುವವರು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಊರಿನಿಂದ ಬಂದ ತಂದೆ ತಾಯಂದಿರಿಗೂ ಹೇಳಿಕೊಡಿ. ವಿಸಿಟ್ ವೀಸಾದವರಿಗೆ ರಿಯಾಯಿತಿ ಇಲ್ಲ.

ನನಗೆ ಇನ್ನೂ ಮುಜುಗರ ತರುವ ವಿಷಯ ಡೆಲಿವರಿ ಬೈಕಿನದು. ಮುರಕ್ಕಬಾತಿನಲ್ಲಿ ರಾತ್ರಿ ಹತ್ತಕ್ಕೆ ಬಾಲ್ಕನಿಯಲ್ಲಿ ನಿಂತರೆ ಪ್ರತಿ ಹೋಟೆಲಿನ ಮುಂದೆಯೂ ಐದಾರು ಬೈಕು. "ಇವರಿಗೆ ನಿಯಮವೇ ಇಲ್ಲ" ಎಂದು ನಾವು ಗೊಣಗುತ್ತೇವೆ. ದುಬೈ ಸರಕಾರವೂ 2025ರ ನವೆಂಬರ್ 1ರಿಂದ, ನಾವು ರಾಜ್ಯೋತ್ಸವ ಆಚರಿಸುವ ದಿನದಿಂದಲೇ, ದೊಡ್ಡ ರಸ್ತೆಗಳ ವೇಗದ ಲೇನುಗಳಿಗೆ ಅವರು ಬರದಂತೆ ಮಾಡಿದೆ. ಐದು ಅಥವಾ ಹೆಚ್ಚು ಲೇನಿರುವಲ್ಲಿ ಎಡಗಡೆಯ ಎರಡು, ಮೂರು ನಾಲ್ಕು ಲೇನಿರುವಲ್ಲಿ ಎಡಗಡೆಯ ಒಂದು ಅವರಿಗೆ ನಿಷಿದ್ಧ. ಒಳ್ಳೆಯ ನಿಯಮವೇ. ಆದರೆ ಮಸಾಲೆ ದೋಸೆ ಗರಿಗರಿಯಾಗಿರುವಾಗಲೇ ಏಳನೆಯ ಮಹಡಿಗೆ ಬರಬೇಕೆಂದು ಪಟ್ಟು ಹಿಡಿದವರು ಯಾರು? ಹತ್ತು ನಿಮಿಷ ತಡವಾದರೆ ಒಂದೇ ನಕ್ಷತ್ರ ಕೊಡುವವರು ಯಾರು? ನಮ್ಮ ಮನೆಯಲ್ಲೇ ಅಂಥವರಿದ್ದಾರೆ, ಹೆಸರು ಹೇಳಿದರೆ ರಾತ್ರಿ ಊಟ ಸಿಗಲಿಕ್ಕಿಲ್ಲ.

ಇನ್ನು ಊರಿನ ಮಾತು. 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,72,890. ಕರ್ನಾಟಕದಲ್ಲಿ 12,321. ದಿನಕ್ಕೆ ಸುಮಾರು 34 ಜನ. 2010ರ ಮೇ 22ರ ಬೆಳಿಗ್ಗೆ ಇಲ್ಲಿಂದ ಹೊರಟ ವಿಮಾನ ಬಜ್ಪೆಯಲ್ಲಿ ಬಿದ್ದು 158 ಜನ ತೀರಿಕೊಂಡದ್ದನ್ನು ನಾವು ಯಾರೂ ಮರೆತಿಲ್ಲ, ದೇರಾದಲ್ಲಿ ಆ ವಾರ ಸೂತಕವಿಲ್ಲದ ಕಟ್ಟಡ ಕಡಿಮೆ. ಮಂಗಳೂರಿನಲ್ಲಿ ಇಳಿಯುವಾಗ ಇಂದಿಗೂ ಎಷ್ಟೋ ಜನ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. ಆದರೆ ಕರ್ನಾಟಕದ ರಸ್ತೆಗಳಲ್ಲಿ ಪ್ರತಿ ಐದು ದಿನಕ್ಕೆ ಅಷ್ಟೇ ಜನ ಸಾಯುತ್ತಿದ್ದಾರೆ. ವಿಮಾನ ನಿಂತ ಕೂಡಲೇ ನಿಟ್ಟುಸಿರು ಬಿಟ್ಟು, ಬಾಡಿಗೆ ಕಾರು ಹತ್ತಿ, ಬೆಲ್ಟು ಹಾಕದೆ ನಂತೂರು ವೃತ್ತದ ಕಡೆಗೆ ಹೊರಡುತ್ತೇವೆ. ದೇವರನ್ನು ನೆನೆಯಬೇಕಾದ ಜಾಗ ನಿಜಕ್ಕೂ ಅಲ್ಲಿಂದ ಶುರು.

ಲೆಕ್ಕದವನಾದ್ದರಿಂದ ಇನ್ನೊಂದು ಭಾಗಾಕಾರ ಮಾಡಿದೆ. 12,321ನ್ನು ಕರ್ನಾಟಕದ ಜನಸಂಖ್ಯೆಗೆ ಹಂಚಿದರೆ ಲಕ್ಷಕ್ಕೆ ಸುಮಾರು 18 ಸಾವು. ಮೇಲೆ ಬರೆದ ಇನ್ನೊಂದು ಸಂಖ್ಯೆ ನೆನಪಿದೆಯೇ? 2007ರ ದುಬೈಯದು 21.9. ಅಂದರೆ ಅಂದಿನ ದುಬೈ ಇಂದಿನ ಕರ್ನಾಟಕಕ್ಕಿಂತಲೂ ಕೆಟ್ಟದಾಗಿತ್ತು. "ನಮ್ಮ ಜನಕ್ಕೆ ಬುದ್ಧಿಯಿಲ್ಲ, ಅವರಿಗೆ ಶಿಸ್ತಿದೆ" ಎಂದು ನಾವು ಕೂಟಗಳಲ್ಲಿ ತಟ್ಟೆ ಹಿಡಿದು ನಿಂತು ಹೇಳುವ ಮಾತಿಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ. ಅಂದೂ ಇಂದೂ ಈ ಊರಿನ ಸ್ಟಿಯರಿಂಗ್ ಹಿಡಿದಿರುವ ಕೈಗಳಲ್ಲಿ ಬಹುಪಾಲು ಭಾರತ, ಪಾಕಿಸ್ತಾನ, ಬಾಂಗ್ಲಾದವೇ. ಬದಲಾದದ್ದು ಜನ ಅಲ್ಲ, ರಸ್ತೆ ಮತ್ತು ದಂಡದ ಖಾತ್ರಿ.

ಇಲ್ಲಿನ ದುಡ್ಡು ಅಲ್ಲಿಲ್ಲ, ಇಲ್ಲಿ ದನ ಅಡ್ಡ ಬರುವುದಿಲ್ಲ, ಸ್ಕೂಟರಿನ ಮೇಲೆ ನಾಲ್ವರು ಹೋಗುವುದಿಲ್ಲ ಎಂದು ನೀವು ಹೇಳಬಹುದು. ನಿಜ. ಸಾಯುವವರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನದವರು, ಆ ಸಮಸ್ಯೆ ಇಲ್ಲಿ ಆ ಪ್ರಮಾಣದಲ್ಲಿ ಇಲ್ಲವೇ ಇಲ್ಲ. ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕ 2016ರ ಜನವರಿಯಲ್ಲೇ ಆದೇಶಿಸಿತು, ಆದರೂ ತಲೆಯ ಮೇಲೆ ತೆಂಗಿನ ಚಿಪ್ಪಿನಂಥ ಅರ್ಧ ಹೆಲ್ಮೆಟ್ಟೇ ಹೆಚ್ಚು. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರನ್ನು 2021ರ ಜೂನಿನಲ್ಲಿ ಕಳೆದುಕೊಂಡದ್ದು ಬೆಂಗಳೂರಿನ ಒಂದು ಬಡಾವಣೆಯ ರಸ್ತೆಯಲ್ಲಿ, ಬೈಕಿನಿಂದ ಬಿದ್ದು. ನಮ್ಮ ತಲೆಮಾರಿನವರಿಗಂತೂ 1990ರ ಸೆಪ್ಟೆಂಬರ್ 30 ಎಂದರೆ ಸಾಕು, ದಾವಣಗೆರೆಯ ಹತ್ತಿರದ ಆನಗೋಡು ಎಂಬ ಊರು ನೆನಪಾಗುತ್ತದೆ. ಶಂಕರ್‌ನಾಗ್ ಅವರಿಗೆ ಆಗ 35 ವರ್ಷ. ಇಂದಿಗೂ ಆಟೋಗಳ ಹಿಂದೆ ಅವರ ಚಿತ್ರ ಇದೆ. ಚಿತ್ರ ಅಂಟಿಸಿಕೊಂಡ ಆಟೋ ಒಮ್ಮುಖ ರಸ್ತೆಯಲ್ಲಿ ಎದುರಿನಿಂದ ಬರುತ್ತದೆ ಎಂಬುದು ಬೇರೆ ಮಾತು.

ಆದರೂ ಆಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿ ಮೊದಲ ತಿಂಗಳುಗಳಲ್ಲಿ ಸಾವಿನ ದಾರಿಯೆಂದೇ ಹೆಸರಾಯಿತು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಪಕ್ಕದ ಸರ್ವಿಸ್ ರಸ್ತೆಗೆ ಕಳುಹಿಸಿದರು. 100ರ ಮಿತಿ ಮೀರಿದವರನ್ನು ಹಿಡಿಯಲು ಕ್ಯಾಮರಾ ಬಂದವು. ಒಂದು ಕಂಬದಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿನಲ್ಲಿ ತಲುಪಿದಿರಿ ಎಂದು ಲೆಕ್ಕ ಹಾಕುವ ಕ್ಯಾಮರಾಗಳು, ಕ್ಯಾಮರಾ ಕಂಡಾಗ ಮಾತ್ರ ಬ್ರೇಕು ಹಾಕುವ ನಮ್ಮ ಜಾಣತನಕ್ಕೆ ಅವು ಬಗ್ಗುವುದಿಲ್ಲ. ಸಾವುಗಳು ಕಣ್ಣಿಗೆ ಕಾಣುವಂತೆ ಇಳಿದವು. ಓಡಿಸುತ್ತಿದ್ದವರು ಅದೇ ಮಂಡ್ಯ, ರಾಮನಗರ, ಬೆಂಗಳೂರಿನವರೇ.

ಇನ್ನೊಂದು ಹೆಸರನ್ನು ಇಲ್ಲಿ ಬರೆಯದೆ ಮುಂದೆ ಹೋಗಲಾರೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ದೇಹವೇ ತುಂಡಾಗಿದ್ದ ಹರೀಶ್ ನಂಜಪ್ಪ ಎಂಬ ಯುವಕ, ನೆರವಿಗೆ ಬಂದವರೊಡನೆ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡು ಪ್ರಾಣ ಬಿಟ್ಟ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಮರು ತಿಂಗಳೇ ಕರ್ನಾಟಕ ಸರಕಾರ ಅವನ ಹೆಸರಿನಲ್ಲಿ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಆರಂಭಿಸಿತು: ಅಪಘಾತದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆಯೂ ಬಂದಿದೆ, ಏಳು ದಿನಗಳವರೆಗೆ ಒಂದೂವರೆ ಲಕ್ಷದವರೆಗಿನ ಚಿಕಿತ್ಸೆಗೆ ನಗದು ಕಟ್ಟಬೇಕಾಗಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಕಾಡುವಂತಿಲ್ಲ ಎಂಬ ರಕ್ಷಣೆಯೂ ಕಾನೂನಿನಲ್ಲಿದೆ. ರಜೆಯಲ್ಲಿ ಹೋದಾಗ 108, 112, ಹೆದ್ದಾರಿಯಾದರೆ 1033, ಈ ಮೂರು ನಂಬರು ಫೋನಿನಲ್ಲಿರಲಿ. ಇಲ್ಲಿ 999 ಮತ್ತು 998 ಎಲ್ಲರಿಗೂ ಗೊತ್ತು. ಇಲ್ಲಿ ಅಪಘಾತದ ಜಾಗದಲ್ಲಿ ಗಾಡಿ ನಿಧಾನಿಸಿ ನೋಡಿದರೂ 1,000 ದಿರ್ಹಂ ದಂಡ ಎಂಬುದನ್ನು ಮಾತ್ರ ಮರೆಯುತ್ತೇವೆ.

ಅಪ್ಪಯ್ಯನ ಕಾಲರು ಹಿಡಿದು ಎಳೆದ ನಾನು ದೊಡ್ಡ ಮನುಷ್ಯನೇನೂ ಅಲ್ಲ. ಅದರ ಹಿಂದಿನ ಜುಲೈಯಲ್ಲಿ ನಾವು ಊರಿಗೆ ಹೋಗಿದ್ದೆವು. ಬೆಳಗಿನ ಆರೂವರೆ, ಸಣ್ಣ ಮಳೆ, ಮನೆಯ ಓಣಿಯಿಂದ ಕಾರು ಹೊರತಂದು ಟಾರು ರಸ್ತೆಗೆ ಇಳಿಸಿದೆ. ಮುಂದೆ ಹಿಂದೆ ಒಂದೂ ಗಾಡಿಯಿಲ್ಲ. ಬೇರೆ ಗಾಡಿ ಕಂಡಾಗ ಎಡ ಬಲ ತಾನಾಗಿ ಸರಿಹೋಗುತ್ತದೆ, ರಸ್ತೆ ಖಾಲಿ ಇದ್ದಾಗಲೇ ಕೈ ಹಳೆಯ ಚಾಳಿಗೆ ಬೀಳುವುದು. ಆರಾಮವಾಗಿ, ದುಬೈಯಲ್ಲಿ ಹೋದಂತೆ, ಬಲಬದಿಯಲ್ಲೇ ಹೋಗುತ್ತಿದ್ದೆ. ತಿರುವಿನಲ್ಲಿ ಎದುರಿನಿಂದ ಬಸ್ಸು. ಬಸ್ಸಿನವನು ಪುಣ್ಯಾತ್ಮ, ಚರಂಡಿಯ ಅಂಚಿಗೆ ಇಳಿಸಿ ನಿಲ್ಲಿಸಿದ. ತಲೆ ಹೊರಗೆ ಹಾಕಿ ನನ್ನನ್ನೊಮ್ಮೆ ನೋಡಿ ಕೇಳಿದ: "ಹ್ವಾಯ್, ದುಬೈಯಂಗೆ ಇಪ್ಪುದಾ?"

ಹೆಂಡತಿ ನಕ್ಕಳು, ನಾನೂ ನಕ್ಕೆ. ಆಮೇಲೆ ಹಿಂದಕ್ಕೆ ತಿರುಗಿ ನೋಡಿದೆ. ಎಂಟು ವರ್ಷದ ಮಗಳು ಎರಡು ಸೀಟುಗಳ ನಡುವೆ ನಿಂತುಕೊಂಡು ಮುಂದಿನ ಗಾಜಿನಲ್ಲಿ ಮಳೆ ನೋಡುತ್ತಿದ್ದಳು. ದುಬೈಯಲ್ಲಿ ನಾನು ಬೆಲ್ಟು ಮರೆತರೆ "ಪಪ್ಪಾ, ನಾಲ್ಕು ಬ್ಲ್ಯಾಕ್ ಪಾಯಿಂಟ್" ಎನ್ನುವವಳು ಅವಳೇ. ಬೆಲ್ಟು ಏಕೆ ಹಾಕಿಲ್ಲ ಎಂದು ಕೇಳಿದ್ದಕ್ಕೆ ಅವಳ ಉತ್ತರ: "ಇಲ್ಲಿ ಹಾಕ್ಬೇಕಂತ ಇಲ್ವಲ್ಲ ಪಪ್ಪಾ, ನೀವೂ ಹಾಕಿಲ್ಲ." ಅವಳಿಗೆ ಅದು ಇಲ್ಲಿನ ರೂಲು, ಅಲ್ಲಿನ ರೂಲು, ಅಷ್ಟೇ. ಬೆಲ್ಟು ಯಾತಕ್ಕೆಂದು ನಾನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ದಂಡದ ಮೊತ್ತ ಮಾತ್ರ ಹೇಳಿಕೊಟ್ಟಿದ್ದೆ.

ಮುರಕ್ಕಬಾತಿನ ಆ ಸಂಜೆಯ ನಂತರ ಅಪ್ಪಯ್ಯ ಒಬ್ಬರೇ ಕೆಳಗಿಳಿಯುವಂತಿಲ್ಲ ಎಂದು ನಾನು ಆಜ್ಞೆ ಮಾಡಿದೆ. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ "ನನ್ನನ್ನ ಕೋಳಿಗೂಡಿನಲ್ಲಿ ಹಾಕಲಿಕ್ಕೆ ಕರೆಸಿದ್ದಾ?" ಎಂದರು. ಅವರ ಮಾತೂ ಸರಿ. ಎಪ್ಪತ್ತಮೂರು ವರ್ಷದ ಮನುಷ್ಯ ಬೆಳಿಗ್ಗೆ ಎದ್ದು ಒಂದು ಚಹಾ ಕುಡಿದು, ನಾಲ್ಕು ಜನರ ಮುಖ ನೋಡದೆ ಹೇಗಿರಬೇಕು? ಕೊನೆಗೆ ಮೊಮ್ಮಗಳೇ ಮೇಷ್ಟ್ರಾದಳು. ಸಿಗ್ನಲ್ಲಿನ ಕಂಬದ ಗುಂಡಿ ಒತ್ತುವುದು, ಹಸಿರು ಮನುಷ್ಯ ಬರುವವರೆಗೆ ಕಾಯುವುದು, ಬಂದ ಮೇಲೂ ಮೊದಲು ಎಡಕ್ಕೆ ನೋಡುವುದು. ನಡೆಯುವವರನ್ನು ತಾನಾಗಿ ಗುರುತಿಸಿ, ನಿಧಾನವಾಗಿ ದಾಟುವವರಿದ್ದರೆ ಹಸಿರು ದೀಪದ ಸಮಯ ಹೆಚ್ಚಿಸುವ ಜಾಣ ಸಿಗ್ನಲ್ಲುಗಳನ್ನು ದುಬೈ 2017ರಿಂದ ಒಂದೊಂದು ಬೀದಿಯಲ್ಲಿ ಅಳವಡಿಸುತ್ತಾ ಬಂದಿದೆ. ಅದನ್ನು ಕೇಳಿ ಅಪ್ಪಯ್ಯನಿಗೆ ಬಹಳ ಸಂತೋಷವಾಯಿತು. "ಕಂಬಕ್ಕೂ ಮುದುಕರ ಮೇಲೆ ಕರುಣೆ ಉಂಟು" ಎಂದರು. ಅದು ಯಾರಿಗೆ ಹೇಳಿದ್ದೆಂದು ನನಗೆ ಅರ್ಥವಾಯಿತು.

ಒಂದು ವಾರದ ಅಭ್ಯಾಸದ ನಂತರ ಅವರನ್ನು ಒಬ್ಬರನ್ನೇ ಬಿಟ್ಟೆವು. ನಾನು ಬಾಲ್ಕನಿಯಲ್ಲಿ ನಿಂತು ಏಳನೆಯ ಮಹಡಿಯಿಂದ ನೋಡಿದೆ. ಬಿಳಿ ಪಂಚೆ, ಕೈಯಲ್ಲಿ ಮಡಚಿದ ಕೊಡೆ. ಮರುಭೂಮಿಯಲ್ಲಿ ಕೊಡೆ ಯಾತಕ್ಕೆಂದು ಕೇಳುವ ಧೈರ್ಯ ನಮಗಿರಲಿಲ್ಲ. ಗುಂಡಿ ಒತ್ತಿದರು. ಹಸಿರು ಬಂದಾಗ ಪಕ್ಕದವರೆಲ್ಲ ದಾಟಿದರು, ಇವರು ನಿಂತೇ ಇದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಪುನಃ ಎಡಕ್ಕೆ ನೋಡಿದರು. ಅಷ್ಟರಲ್ಲಿ ಕೆಂಪು ಬಂತು. ಮತ್ತೆ ಗುಂಡಿ ಒತ್ತಿದರು. ಎರಡನೆಯ ಹಸಿರಿಗೆ, ಕೊಡೆಯನ್ನು ಎಡಕ್ಕೆ ಚಾಚಿ ಟ್ರಾಫಿಕ್ ಪೊಲೀಸನ ಹಾಗೆ ನಿಂತ ಕಾರುಗಳಿಗೆಲ್ಲ ತಡೆ ತೋರಿಸುತ್ತಾ ದಾಟಿದರು. ಆಮೇಲಿನ ಎರಡೂವರೆ ತಿಂಗಳು ಪ್ರತಿ ಬೆಳಿಗ್ಗೆ ಅದೇ ಕ್ರಮ. ಕೇರಳದವರ ಚಹಾ ಅಂಗಡಿಯಲ್ಲಿ ಅವರಿಗೆ 'ಮಾಷೆ' ಎಂದು ಹೆಸರಾಗಿತ್ತು.

ಊರಿಗೆ ಮರಳಿ ಹತ್ತು ದಿನವಾಗಿರಬಹುದು, ಅಮ್ಮನ ಫೋನು ಬಂತು. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಹತ್ತಿರ ಅಪ್ಪಯ್ಯ ರಸ್ತೆ ದಾಟಲು ನಿಂತವರು ಶಿಸ್ತಾಗಿ ಎಡಕ್ಕೆ ನೋಡಿ ಕಾಲು ಮುಂದಿಟ್ಟರಂತೆ. ಬಲಗಡೆಯಿಂದ ಬಂದ ರಿಕ್ಷಾ ಕೊಡೆಗೆ ತಾಗಿ ನಿಂತಿತಂತೆ. ಕೊಡೆಯ ಎರಡು ಕಡ್ಡಿ ಮುರಿದದ್ದು ಬಿಟ್ಟರೆ ಬೇರೇನೂ ಆಗಿಲ್ಲ.

"ಈಗ್ ಎಂತ ಮಾಡುದಮ್ಮ?" ಎಂದೆ.

"ಮಾಡುದೆಂತ," ಎಂದಳು ಅಮ್ಮ, "ನಾನೇ ಅವ್ರ್ ಕೈ ಹಿಡ್ಕಂಡ್ ದಾಟ್ಸ್ತೆ. ಅವ್ರ್ ಎಡಕ್ಕ್ ಕಾಣ್ತ್ರ್, ನಾನ್ ಬಲಕ್ಕ್ ಕಾಣ್ತೆ."